ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರವೆಷ್ಟು, ಎಷ್ಟು ತಾಸು? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ನಮ್ಮ ಟಿಕೆಟ್ ಅಂಗಡಿಗೆ ಬರುವ ತಂದೆ-ತಾಯಂದಿರಲ್ಲಿ ಬಹಳಷ್ಟು ಮಂದಿಗೆ ಅಮೆರಿಕ ಎಂದರೆ ಕ್ಯಾಲಿಫೋರ್ನಿಯಾ. ಮಗನೋ ಮಗಳೋ ಸನ್ನಿವೇಲ್, ಫ್ರೀಮಾಂಟ್ ಅಥವಾ ಸ್ಯಾನ್ ಹೋಸೆಯಲ್ಲಿ ಇರುತ್ತಾರೆ, ಇಳಿಯುವುದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಕುರ್ಚಿ ಎಳೆದು ಕೂತವರು ಮೊದಲು ದರ ಕೇಳುತ್ತಾರೆ, ಆಮೇಲೆ ದೂರ, ಆಮೇಲೆ ಎಷ್ಟು ತಾಸು ಕೂರಬೇಕು ಎಂಬುದು. ದರ ಬೆಳಿಗ್ಗೆ ಒಂದು, ಸಂಜೆ ಒಂದು. ಅದನ್ನು ಬರೆದಿಡುವುದು ದಂಡ. ಉಳಿದೆರಡಕ್ಕೆ ಉತ್ತರ ಕೆಳಗಿದೆ. ರಾಯಚೂರು, ಕೊಪ್ಪಳದವರ ದಾರಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ಕಿಲೋಮೀಟರ್?

ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಕ್ಕೆ ಆಕಾಶಮಾರ್ಗದ ಅತಿ ಕಡಿಮೆ ದೂರ ಸುಮಾರು 13,990 ಕಿ.ಮೀ. ಬಾಯಿಲೆಕ್ಕಕ್ಕೆ 14,000 ಎಂದುಕೊಳ್ಳಿ. ಭೂಮಿಯ ಮೇಲೆ ಯಾವುದೇ ಎರಡು ಊರುಗಳ ನಡುವೆ ಇರಬಹುದಾದ ಗರಿಷ್ಠ ದೂರವೇ ಸುಮಾರು 20,000 ಕಿ.ಮೀ. ಅದರಲ್ಲಿ ಮುಕ್ಕಾಲು ಪಾಲಿಗೆ ಸ್ವಲ್ಪ ಕಡಿಮೆ ನೀವು ಒಂದೇ ಸಲಕ್ಕೆ ಹೋಗುತ್ತಿದ್ದೀರಿ.

ಫೋನಿನಲ್ಲಿ ಒಂದು ಕಡೆ 8,700, ಇನ್ನೊಂದು ಕಡೆ 7,550 ಅಂತ ತೋರಿಸ್ತದೆ. ಯಾವುದು ಸರಿ?

ಎರಡೂ ಸರಿ, ಅಳತೆ ಬೇರೆ. 8,700 ಎಂಬುದು ಅಮೆರಿಕದವರು ರಸ್ತೆಗೆ ಬಳಸುವ ಮೈಲಿ, ಒಂದಕ್ಕೆ 1.609 ಕಿ.ಮೀ. 7,550 ಎಂಬುದು ಹಡಗು ಮತ್ತು ವಿಮಾನದವರ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಗುಣಿಸಿದರೆ ಎರಡೂ 14,000 ಕಿಲೋಮೀಟರಿನ ಹತ್ತಿರಕ್ಕೇ ಬರುತ್ತವೆ. ಸಂಖ್ಯೆಯ ಪಕ್ಕದ ಅಕ್ಷರ ನೋಡದೆ "ಈ ವಿಮಾನದ ದಾರಿ ಹತ್ತಿರದ್ದು" ಎಂದು ವಾದಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಬಳ್ಳಾರಿಯಿಂದಲೇ ಅಳೆದರೆ?

ಸುಮಾರು 13,810 ಕಿ.ಮೀ. ಅಂದರೆ ಬೆಂಗಳೂರಿಗಿಂತ ಬಳ್ಳಾರಿಯೇ ಸ್ಯಾನ್ ಫ್ರಾನ್ಸಿಸ್ಕೊಗೆ ನೂರೆಂಬತ್ತು ಕಿಲೋಮೀಟರಿನಷ್ಟು ಹತ್ತಿರ! ಕಾರಣ ಸರಳ: ಅಲ್ಲಿಗೆ ಹೋಗುವ ನೇರ ದಾರಿ ಉತ್ತರಕ್ಕಿದೆ, ನಾವು ಬೆಂಗಳೂರಿಗಿಂತ ಉತ್ತರದಲ್ಲಿದ್ದೇವೆ. ಆದರೂ ಮುನ್ನೂರು ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಹೋಗಿ, ವಿಮಾನ ಹತ್ತಿ, ಮತ್ತೆ ಉತ್ತರಕ್ಕೆ ತಿರುಗಬೇಕು. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣ ಇನ್ನೂ ಉತ್ತರಕ್ಕಿದೆ, ಅಲ್ಲಿಂದ ಸುಮಾರು 13,540 ಕಿ.ಮೀ. ಇವೆಲ್ಲ ಕಾಗದದ ಲೆಕ್ಕ. ನೀವು ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂಬುದಕ್ಕೂ ಈ ಅಂಕಿಗಳಿಗೂ ನಂಟು ಬಹಳ ತೆಳು.

ಅಮೆರಿಕ ಪಶ್ಚಿಮಕ್ಕಲ್ಲವೇ? ಉತ್ತರಕ್ಕೆ ಯಾಕೆ ಹೋಗಬೇಕು?

ಶಾಲೆಯ ಗೋಡೆಗೆ ನೇತುಹಾಕಿದ ಭೂಪಟದಿಂದ ಬಂದ ತಪ್ಪು ಕಲ್ಪನೆ ಇದು. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದಾಗ ಉತ್ತರದ ಭಾಗವೆಲ್ಲ ಅಡ್ಡಕ್ಕೆ ಹಿಗ್ಗಿಹೋಗುತ್ತದೆ. ಮೊಮ್ಮಕ್ಕಳ ಹತ್ತಿರ ಗೋಳ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಉತ್ತರಕ್ಕೆ ಸರಿಯುತ್ತದೆ: ನಂದ್ಯಾಲ, ನಲ್ಗೊಂಡ, ಪ್ರಯಾಗರಾಜ್ ಸುತ್ತಮುತ್ತ, ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ, ಸೈಬೀರಿಯಾ, ಕೊನೆಗೆ ಅಲಾಸ್ಕಾ ದಾಟಿ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಅತಿ ಮೇಲಕ್ಕೆ ಹೋದಾಗ ಅದು ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುತ್ತದೆ. ಆ ದಾರವನ್ನು ಭೂಮಧ್ಯರೇಖೆಯ ಸುತ್ತಳತೆಯ ಜೊತೆ ಹೋಲಿಸಿ, 40,075 ಕಿಲೋಮೀಟರಿಗೆ ಅನುಪಾತ ಹಾಕಿದರೆ ದೂರ ನಿಮ್ಮ ಕೈಯಲ್ಲೇ ಸಿಗುತ್ತದೆ. ಗೋಳ ಚೆನ್ನಾಗಿದ್ದರೆ ಉತ್ತರ 14,000ರ ಹತ್ತಿರವೇ ಬರುತ್ತದೆ.

ವಿಮಾನ ಆ ದಾರದ ಗುರುತಿನ ಮೇಲೇ ಹೋಗ್ತದಾ?

ಹೋಗುವುದಿಲ್ಲ. ಟಿಬೆಟಿನ ನೆಲವೇ ಸಮುದ್ರಮಟ್ಟದಿಂದ ನಾಲ್ಕೂವರೆ ಸಾವಿರ ಮೀಟರಿನಷ್ಟು ಎತ್ತರ. ವಿಮಾನದೊಳಗಿನ ಗಾಳಿಯ ಒತ್ತಡ ಕಡಿಮೆಯಾದರೆ ಪೈಲಟ್ ಉಸಿರಾಟಕ್ಕೆ ಸರಿಹೋಗುವ ಸುಮಾರು 3,000 ಮೀಟರಿಗೆ ಇಳಿಯಬೇಕು. ಅಲ್ಲಿ ಇಳಿಯಲು ಜಾಗವೇ ಇಲ್ಲ. ಹಾಗಾಗಿ ಆ ಪ್ರಸ್ಥಭೂಮಿಯನ್ನು ಸಾಮಾನ್ಯವಾಗಿ ಬಳಸಿಕೊಂಡು ಹೋಗುತ್ತಾರೆ. ಗಾಳಿ, ಹವಾಮಾನ, ಯಾವ ದೇಶದ ಆಕಾಶ ತೆರೆದಿದೆ ಎಂಬುದನ್ನೆಲ್ಲ ನೋಡಿ ಪ್ರತಿ ಹಾರಾಟಕ್ಕೂ ಹೊಸದಾಗಿ ದಾರಿ ಹಾಕುತ್ತಾರೆ. ನಿನ್ನೆ ಪೆಸಿಫಿಕ್ ಮೇಲೆ ಹೋದ ವಿಮಾನ ಇವತ್ತು ಇನ್ನೂ ಉತ್ತರಕ್ಕೆ ಹೋಗಬಹುದು.

ಎಲ್ಲೂ ನಿಲ್ಲದೆ ಹೋದರೆ ಎಷ್ಟು ತಾಸು?

ಹೋಗುವಾಗ ಸುಮಾರು 16 ತಾಸು, ಬರುವಾಗ 17ರ ಮೇಲೆ. ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ಮೊದಲ ತಡೆರಹಿತ ಹಾರಾಟ ನಡೆಸಿದ್ದು 2021ರ ಜನವರಿಯಲ್ಲಿ. 9ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ಬೋಯಿಂಗ್ 777-200 ಎಲ್‌ಆರ್ ಉತ್ತರ ಧ್ರುವದ ಮೇಲಿಂದ ಬಂದು 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಹೆಣ್ಣುಮಗು ಪೈಲಟ್ ಆಗ್ತೀನಿ ಅಂದರೆ ಹುಬ್ಬೇರಿಸುವ ಅಜ್ಜಂದಿರಿಗೆ ಇದನ್ನು ತಪ್ಪದೆ ಹೇಳುತ್ತೇನೆ.

ಒಂದು ಎಚ್ಚರಿಕೆ. ಇಷ್ಟು ಉದ್ದದ ತಡೆರಹಿತ ಸೇವೆಗಳು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ವಾರದ ದಿನಗಳು ಬದಲಾಗುತ್ತವೆ, ಕಡಿಮೆಯಾಗುತ್ತವೆ, ನಿಂತೂ ಹೋಗುತ್ತವೆ. ನೆಂಟರು ಹೋದ ವರ್ಷ ಹೋಗಿದ್ದರು ಎಂದು ನಂಬಿ ಕೂರದೆ, ನೀವು ಹೊರಡುವ ತಿಂಗಳಲ್ಲಿ ಇದೆಯೋ ಇಲ್ಲವೋ ಎಂದು ಮೊದಲು ನೋಡಿಸಿ.

ತಾಸಿಗೆ 900 ಕಿ.ಮೀ. ಅಂದರೆ ಹದಿನೈದೂವರೆ ತಾಸಿಗೆ ಮುಗಿಯಬೇಕಲ್ಲ?

ಭಾಗಾಕಾರ ಸರಿಯಿದೆ. ಆದರೆ ಟಿಕೆಟ್ಟಿನಲ್ಲಿ ಬರೆದ ಅವಧಿ ಗೇಟು ಬಿಟ್ಟ ಗಳಿಗೆಯಿಂದ ಆ ಕಡೆ ಗೇಟಿಗೆ ಬಂದು ನಿಂತ ಗಳಿಗೆಯವರೆಗಿನದು. ರನ್‌ವೇವರೆಗೆ ತೆವಳುವುದು, ಸರದಿ ಕಾಯುವುದು, ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರಕ್ಕೆ ಏರುವುದು, ಇಳಿಯುವ ಮುಂಚೆ ಸುತ್ತುವುದು, ಎಲ್ಲವೂ ಅದರಲ್ಲಿ ಸೇರಿದೆ. ಅಲ್ಲದೆ 900 ಎಂಬುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ನೆಲಕ್ಕೆ ಹೋಲಿಸಿದ ವೇಗ ಬೇರೆ.

ಬರುವಾಗ ಹೊತ್ತು ಜಾಸ್ತಿ ಯಾಕೆ? ದೂರ ಅಷ್ಟೇ ಅಲ್ಲವೇ?

ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಓಡುತ್ತಿರುತ್ತದೆ. ತಾಸಿಗೆ ನೂರೈವತ್ತು-ಇನ್ನೂರು ಕಿ.ಮೀ. ಅದಕ್ಕೆ ಮಾಮೂಲು, ಚಳಿಗಾಲದಲ್ಲಿ ಕೆಲವು ಕಡೆ ಮುನ್ನೂರನ್ನೂ ದಾಟುತ್ತದೆ. ತುಂಗಭದ್ರಾ ಮೇಲ್ದಂಡೆ ಕಾಲುವೆಯಲ್ಲಿ ಈಜಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನೀರಿನ ಜೊತೆ ಈಜುವುದು ಬೇರೆ, ನೀರಿಗೆ ಎದುರು ಈಜುವುದು ಬೇರೆ, ದಡದ ಮೇಲಿನ ದೂರ ಮಾತ್ರ ಒಂದೇ. ಪೆಸಿಫಿಕ್ ಕಡೆಯಿಂದ ಪೂರ್ವಕ್ಕೆ ಹೋಗುವಾಗ ಗಾಳಿ ಬೆನ್ನಿಗಿರುತ್ತದೆ. ಬರುವಾಗ ಅದನ್ನು ತಪ್ಪಿಸಲು ಉತ್ತರಕ್ಕೆ ಸರಿಯುತ್ತಾರೆ, ಇಲ್ಲವೇ ಎದುರಿಸುತ್ತಾರೆ. ಒಂದು-ಒಂದೂವರೆ ತಾಸಿನ ವ್ಯತ್ಯಾಸ ಅಲ್ಲಿಂದಲೇ ಬರುವುದು.

ಯುದ್ಧದಿಂದ ದಾರಿ ಬದಲಾಗಿದೆ ಅಂತಾರಲ್ಲ, ನಿಜವೇ?

ನಿಜ. 2022ರಿಂದ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪ್ ಒಕ್ಕೂಟದ ವಿಮಾನ ಕಂಪನಿಗಳಿಗೆ ಮುಚ್ಚಿದೆ, ಭಾರತದ ಕಂಪನಿಗಳಿಗೆ ಮುಚ್ಚಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು, ಆಮೇಲೆ ಆ ಆದೇಶವನ್ನು ಮತ್ತೆ ಮತ್ತೆ ಮುಂದುವರಿಸಿತು. ಪಶ್ಚಿಮದ ಕಡೆ, ಅಂದರೆ ಯುರೋಪಿನ ಮೇಲೆ ಹೋಗುವ ಭಾರತೀಯ ವಿಮಾನಗಳಿಗೆ ಇದರಿಂದ ಸುತ್ತು ಹೆಚ್ಚಾಯಿತು. ಪೂರ್ವದ ಕಡೆಯಿಂದ ಹೋಗುವವುಗಳಿಗೆ ಅಷ್ಟು ತಟ್ಟಲಿಲ್ಲ. ಗಲ್ಫ್ ಪ್ರದೇಶದಲ್ಲಿ ಗಲಾಟೆಯಾದಾಗ ಅಲ್ಲಿಯ ಆಕಾಶವೂ ಮುಚ್ಚಿದ ಉದಾಹರಣೆಗಳಿವೆ. ಆದ್ದರಿಂದ ಎರಡು ವರ್ಷದ ಹಿಂದೆ ಹೋಗಿ ಬಂದವರು ಹೇಳುವ ತಾಸಿನ ಲೆಕ್ಕವನ್ನು ಅರ್ಧ ಕಿವಿಯಲ್ಲಿ ಕೇಳಿ ಸಾಕು.

ವಿಮಾನ ಬದಲಿಸಿ ಹೋಗುವುದಾದರೆ ಯಾವ ಊರು ಒಳ್ಳೇದು? ದೆಹಲಿ, ದುಬೈ, ಫ್ರಾಂಕ್‌ಫರ್ಟ್, ಸಿಂಗಪುರ?

ಹೆಚ್ಚಿನವರು ಹೋಗುವುದು ಹೀಗೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ದೂರದ ಲೆಕ್ಕದಲ್ಲಿ ದೆಹಲಿಯನ್ನು ಮೀರಿಸಿದ್ದು ಇಲ್ಲ. ಬೆಂಗಳೂರು-ದೆಹಲಿ 1,710 ಕಿ.ಮೀ., ದೆಹಲಿ-ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 12,380. ಕೂಡಿಸಿದರೆ 14,090, ನೇರ ದೂರಕ್ಕಿಂತ ಬರೀ ನೂರು ಕಿ.ಮೀ. ಹೆಚ್ಚು. ದೆಹಲಿಯಿಂದ ಮುಂದಿನ ಹಾರಾಟ 15ರಿಂದ 16 ತಾಸು. ಭಾಷೆಯ ತೊಂದರೆಯೂ ಕಡಿಮೆ, ಹಿಂದಿಯಲ್ಲಿ ಹೇಗೋ ದಬ್ಬಬಹುದು. ಆದರೆ ಡಿಸೆಂಬರ್-ಜನವರಿಯಲ್ಲಿ ದೆಹಲಿಯ ಮಂಜು ಯಾರ ಮಾತನ್ನೂ ಕೇಳುವುದಿಲ್ಲ. ಆ ಎರಡು ತಿಂಗಳಲ್ಲಿ ದೆಹಲಿ ಮೂಲಕ ಹೋಗುವವರಿಗೆ ಎರಡು ವಿಮಾನಗಳ ನಡುವೆ ಐದು ತಾಸಾದರೂ ಇರಲಿ ಎನ್ನುತ್ತೇನೆ. ವಾಪಸು ಬರುವಾಗ ಇನ್ನೊಂದು ಕಿರಿಕಿರಿ: ಇಮಿಗ್ರೇಷನ್, ಕಸ್ಟಮ್ಸ್ ದೆಹಲಿಯಲ್ಲೇ ಆಗಬೇಕು, ಸೂಟ್‌ಕೇಸ್‌ಗಳನ್ನು ಬೆಲ್ಟಿನಿಂದ ಇಳಿಸಿ ಮತ್ತೆ ಒಪ್ಪಿಸಬೇಕು.

ದುಬೈ ಮೂಲಕ 2,700 ಮತ್ತು 13,040, ಒಟ್ಟು 15,740 ಕಿ.ಮೀ. ಮೊದಲು ನಾಲ್ಕು ತಾಸು, ಆಮೇಲೆ ಸುಮಾರು ಹದಿನಾರು. ಸಾಮಾನು ಸೀದಾ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುತ್ತದೆ. ಆದರೆ ನಿಲ್ದಾಣ ದೊಡ್ಡದು, ಒಂದು ಗೇಟಿನಿಂದ ಇನ್ನೊಂದಕ್ಕೆ ನಡೆಯುವುದೇ ಒಂದು ಯಾತ್ರೆ. ಮೊಣಕಾಲು ನೋವಿದ್ದವರು ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡಿಸುವಾಗಲೇ ಬರೆಸಿ. "ನಾನೇನು ರೋಗಿಯಾ?" ಎಂದು ಮುನಿಸಿಕೊಳ್ಳುವ ಯಜಮಾನರೇ ಬಂದ ಮೇಲೆ "ಹಾಕಿಸಿದ್ದು ಬಹಳ ಚೊಲೋ ಆಯ್ತು" ಅನ್ನುತ್ತಾರೆ.

ಫ್ರಾಂಕ್‌ಫರ್ಟ್ ಮೂಲಕ 7,400 ಮತ್ತು 9,150, ಒಟ್ಟು 16,550 ಕಿ.ಮೀ. ದೂರ ಜಾಸ್ತಿಯಾದರೂ ಪ್ರಯಾಣ ಹೆಚ್ಚುಕಡಿಮೆ ಅರ್ಧಕ್ಕರ್ಧ ಭಾಗವಾಗುತ್ತದೆ. ಹದಿನಾರು ತಾಸು ಒಂದೇ ಸಮನೆ ಕೂರಲಾರದವರಿಗೆ ನಾನು ಇದನ್ನೇ ಹೇಳುವುದು. ಸೊಂಟ ನೋವಿನವರಿಗಂತೂ ಸಾವಿರ ಕಿಲೋಮೀಟರ್ ಜಾಸ್ತಿಯಾದರೆ ಏನೂ ನಷ್ಟವಿಲ್ಲ, ನಡುವೆ ಎದ್ದು ಓಡಾಡುವುದೇ ಲಾಭ.

ಸಿಂಗಪುರ ಮೂಲಕ 3,180 ಮತ್ತು 13,590, ಒಟ್ಟು 16,770 ಕಿ.ಮೀ. ಈ ನಾಲ್ಕರಲ್ಲಿ ಉದ್ದದ ದಾರಿ, ಮೊದಲು ದಕ್ಷಿಣಕ್ಕೆ ಹೋಗಿ ಆಮೇಲೆ ಮೇಲೇರುವುದು. ಪೆಸಿಫಿಕ್ ಮೇಲಿನ ಬೆನ್ನುಗಾಳಿಯಿಂದ ಹೋಗುವಾಗ ಸ್ವಲ್ಪ ಹೊತ್ತು ಉಳಿಯುತ್ತದೆ.

ಎರಡು ವಿಮಾನಗಳ ನಡುವೆ ಎಷ್ಟು ಹೊತ್ತು ಇರಬೇಕು?

ಒಂದೇ ಟಿಕೆಟ್ಟಿನಲ್ಲಿದ್ದರೆ ಎರಡೂವರೆಯಿಂದ ನಾಲ್ಕು ತಾಸು ಸಾಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪನಿಯದು. ಅಗ್ಗ ಸಿಕ್ಕಿತೆಂದು ಬೇರೆ ಬೇರೆ ಟಿಕೆಟ್ ಮಾಡಿಸಿಕೊಂಡರೆ ಆ ಹೊಣೆ ನಿಮ್ಮ ತಲೆಗೆ. ಮಕ್ಕಳು ಅಲ್ಲಿಂದಲೇ ಫೋನಿನಲ್ಲಿ ಮಾಡಿಸುವ ಟಿಕೆಟ್ಟುಗಳಲ್ಲಿ ಈ ಎಡವಟ್ಟು ಜಾಸ್ತಿ. ಬುಕಿಂಗ್ ನಂಬರ್ ಒಂದೇ ಇದೆಯೋ ಎರಡಿದೆಯೋ ಎಂದು ಒಮ್ಮೆ ಕೇಳಿಕೊಳ್ಳಿ.

ಅಮೆರಿಕದೊಳಗೇ ನ್ಯೂಯಾರ್ಕ್ ಅಥವಾ ಶಿಕಾಗೊದಲ್ಲಿ ಬದಲಿಸುವಂತಿದ್ದರೆ ಇನ್ನೂ ಜಾಸ್ತಿ ಹೊತ್ತು ಬೇಕು. ಇಮಿಗ್ರೇಷನ್ ಸಾಲು, ಸಾಮಾನು ಎತ್ತಿಕೊಳ್ಳುವುದು, ಕಸ್ಟಮ್ಸ್, ಎಲ್ಲವೂ ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಆಗುತ್ತದೆ.

ಬಳ್ಳಾರಿಯಿಂದ ದೇವನಹಳ್ಳಿಗೆ ಹೇಗೆ ಹೋಗುವುದು ಒಳ್ಳೇದು?

ನನ್ನ ಅನುಭವದಲ್ಲಿ ಹದಿನಾಲ್ಕು ಸಾವಿರ ಕಿಲೋಮೀಟರಿಗಿಂತ ಹೆಚ್ಚು ತಲೆನೋವು ಕೊಡುವುದು ಈ ಮೊದಲ ಮುನ್ನೂರು. ಚಳ್ಳಕೆರೆ, ಹಿರಿಯೂರು, ಸಿರಾ, ತುಮಕೂರು ಮೇಲೆ ಹೋದರೆ ಬೆಂಗಳೂರಿನ ಪಶ್ಚಿಮದ ಬಾಗಿಲಿಗೆ ಮುಟ್ಟುತ್ತೀರಿ. ವಿಮಾನ ನಿಲ್ದಾಣ ಇರುವುದು ಊರಿನ ಉತ್ತರಕ್ಕೆ. ಕಾರಿನಲ್ಲಿ ಹೋಗುವವರು ಅನಂತಪುರಕ್ಕೆ ಹೋಗಿ 44ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಬಂದರೆ ನಿಲ್ದಾಣ ಬೆಂಗಳೂರಿಗಿಂತ ಮೊದಲೇ ಸಿಗುತ್ತದೆ. ಊರಿನ ಟ್ರಾಫಿಕ್ಕಿಗೆ ಮುಖವನ್ನೇ ತೋರಿಸಬೇಕಿಲ್ಲ. ಊಟ-ಚಹಾ ಸೇರಿ ಆರು ತಾಸು ಇಟ್ಟುಕೊಳ್ಳಿ.

ರೈಲಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಇದೆ. ರಾತ್ರಿ ಹತ್ತಿ ಬೆಳಿಗ್ಗೆ ಯಲಹಂಕದಲ್ಲಿ ಇಳಿದರೆ ಮೆಜೆಸ್ಟಿಕ್‌ಗಿಂತ ವಿಮಾನ ನಿಲ್ದಾಣ ಹತ್ತಿರ. ಆದರೆ ದೊಡ್ಡ ಸೂಟ್‌ಕೇಸ್‌ಗಳನ್ನು ರೈಲಿನಿಂದ ಇಳಿಸುವಾಗ ಜೊತೆಗೆ ಒಬ್ಬ ಗಟ್ಟಿ ಆಳು ಬೇಕು. ಬೆಳಗಿನ ವಿಮಾನಕ್ಕೆ ಅದೇ ದಿನದ ರೈಲನ್ನು ನಂಬಬೇಡಿ.

ತೋರಣಗಲ್ಲಿನಲ್ಲೇ ವಿಮಾನ ನಿಲ್ದಾಣ ಇದೆಯಲ್ಲ?

ಇದೆ. ಟಿಕೆಟ್ಟಿನಲ್ಲಿ ಅದರ ಹೆಸರು ವಿದ್ಯಾನಗರ, ಸಂಕೇತ ವಿಡಿವೈ. ಬಳ್ಳಾರಿ ಎಂದು ಹುಡುಕಿದರೆ ಕೆಲವು ಕಡೆ ಸಿಗುವುದೇ ಇಲ್ಲ. ಉಡಾನ್ ಯೋಜನೆಯಲ್ಲಿ 2017ರಲ್ಲಿ ಅಲ್ಲಿಂದ ಬೆಂಗಳೂರು, ಹೈದರಾಬಾದ್‌ಗಳಿಗೆ ವಿಮಾನ ಶುರುವಾಯಿತು. ಆಮೇಲೆ ಕಂಪನಿಗಳು ಬದಲಾದವು, ವೇಳಾಪಟ್ಟಿಗಳೂ ಬದಲಾದವು. ಸಣ್ಣ ವಿಮಾನ, ಸಾಮಾನಿನ ಮಿತಿ ಕಡಿಮೆ. ಅಮೆರಿಕಕ್ಕೆ ಸಾಮಾನ್ಯವಾಗಿ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ ಬಿಡುತ್ತಾರೆ. ಇಲ್ಲಿ ಅಷ್ಟು ಬಿಡುವುದಿಲ್ಲ, ಹೆಚ್ಚಿನ ತೂಕಕ್ಕೆ ದುಡ್ಡು ಕಟ್ಟಬೇಕು. ಕೈಚೀಲದಲ್ಲೇ ಹೋಗುವವರಿಗೆ ಚಂದ, ಆರು ತಿಂಗಳಿಗೆ ಹೊರಟವರಿಗೆ ಕಾರೇ ವಾಸಿ. ಚಾಗನೂರು-ಸಿರಿವಾರದ ವಿಮಾನ ನಿಲ್ದಾಣದ ಬಗ್ಗೆಯೂ ಕೇಳುತ್ತೀರಿ. ಅದರಲ್ಲಿ ವಿಮಾನ ಹಾರಿದ ದಿನ ಈ ಉತ್ತರವನ್ನು ತಿದ್ದುತ್ತೇನೆ.

ನಾವು ರಾಯಚೂರಿನವರು. ಬೆಂಗಳೂರೇ ಬೇಕಾ?

ಬೇಡವೇ ಬೇಡ. ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಶಂಷಾಬಾದ್ ಸುಮಾರು ಇನ್ನೂರು ಕಿ.ಮೀ., ನಾಲ್ಕು ತಾಸು. ನಿಲ್ದಾಣ ಹೈದರಾಬಾದಿನ ದಕ್ಷಿಣಕ್ಕೆ ಇರುವುದರಿಂದ ನಿಮಗೆ ಊರಿಗಿಂತ ಮೊದಲೇ ಸಿಗುತ್ತದೆ. ಅಲ್ಲಿಂದ ದುಬೈ, ದೋಹಾ, ಫ್ರಾಂಕ್‌ಫರ್ಟ್, ಸಿಂಗಪುರ ಮೂಲಕ ಒಂದೇ ಬದಲಾವಣೆಯಲ್ಲಿ ಹೋಗಬಹುದು. ಸಿಂಧನೂರು, ಮಾನ್ವಿಯವರಿಗೂ ಇದೇ ಮಾತು.

ಕೊಪ್ಪಳದವರಿಗೆ?

ನೀವು ನಡುವೆ ಸಿಕ್ಕಿಕೊಂಡವರು. ಹುಬ್ಬಳ್ಳಿ ನೂರು-ನೂರಿಪ್ಪತ್ತು ಕಿಲೋಮೀಟರಿನಲ್ಲಿದೆ, ಅಲ್ಲಿಂದ ಒಳನಾಡಿನ ವಿಮಾನ ಹಿಡಿದು ಮುಂದಕ್ಕೆ ಹೋಗಬಹುದು. ಆದರೆ ಹುಬ್ಬಳ್ಳಿಯ ವಿಮಾನವೂ ಅಮೆರಿಕದ ವಿಮಾನವೂ ಒಂದೇ ಟಿಕೆಟ್ಟಿನಲ್ಲಿ ಸಿಕ್ಕರೆ ಮಾತ್ರ. ಇಲ್ಲದಿದ್ದರೆ ಹೊಸಪೇಟೆ, ಚಿತ್ರದುರ್ಗದ ಮೇಲೆ ರಸ್ತೆ, ಅಥವಾ ನಿಮ್ಮೂರಲ್ಲೇ ನಿಲ್ಲುವ ಹಂಪಿ ಎಕ್ಸ್‌ಪ್ರೆಸ್. ಗಿಣಿಗೇರಾದ ಏರ್‌ಸ್ಟ್ರಿಪ್ ಖಾಸಗಿಯದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮನೆ ಬಾಗಿಲಿನಿಂದ ಮಗನ ಮನೆ ಬಾಗಿಲಿಗೆ ಒಟ್ಟು ಎಷ್ಟು?

ಕೇಳಬೇಕಾದ ಪ್ರಶ್ನೆ ಇದು. ಎಲ್ಲೂ ನಿಲ್ಲದ ವಿಮಾನವಾದರೆ ಬಳ್ಳಾರಿಯಿಂದ ದೇವನಹಳ್ಳಿಗೆ ಆರು ತಾಸು, ಅಲ್ಲಿ ನಾಲ್ಕು, ಹಾರಾಟ ಹದಿನಾರು, ಇಳಿದ ಮೇಲೆ ಇಮಿಗ್ರೇಷನ್, ಸಾಮಾನು, ಕಾರಿನ ದಾರಿ ಸೇರಿ ಎರಡರಿಂದ ಮೂರು. ಹತ್ತಿರ ಹತ್ತಿರ 29 ತಾಸು. ದುಬೈ ಮೂಲಕವಾದರೆ ಆರು, ನಾಲ್ಕು, ನಾಲ್ಕು, ಮೂರೂವರೆ, ಹದಿನಾರು, ಮೂರು: 36ರ ಆಸುಪಾಸು. ಅಂತೂ ಒಂದೂವರೆ ದಿನ. ಅದರಲ್ಲಿ ಆಕಾಶದಲ್ಲಿ ಕಳೆಯುವುದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ. ಒಂದೆರಡು ತಾಸು ಬೇಗ ಮುಟ್ಟಿಸುವ ವಿಮಾನಕ್ಕೆ ಮೂವತ್ತು ಸಾವಿರ ಜಾಸ್ತಿ ಕೊಡುವ ಮೊದಲು, ಆ ಉಳಿದ ಹೊತ್ತು ರಾತ್ರಿ ಎರಡಕ್ಕೆ ದೇವನಹಳ್ಳಿಯ ಕುರ್ಚಿಯಲ್ಲೇ ಖರ್ಚಾಗುತ್ತದೆಯೋ ಎಂದು ನೋಡಿ.

ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ ಐದೂವರೆಗೆ ಇಳಿಯುತ್ತೆ ಅಂತ ಟಿಕೆಟ್ಟಿನಲ್ಲಿದೆ. ಮೂರೂವರೆ ತಾಸಾ?!

ಟಿಕೆಟ್ಟಿನ ಪ್ರತಿಯೊಂದು ಸಮಯವೂ ಆಯಾ ಊರಿನ ಗಡಿಯಾರದ್ದು. ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ತಾಸು ಹಿಂದೆ. ಸೋಮವಾರ ಮಧ್ಯಾಹ್ನ 2ಕ್ಕೆ ಹೊರಟು 16 ತಾಸು ಹಾರಿದರೆ ನಮ್ಮಲ್ಲಿ ಮಂಗಳವಾರ ಬೆಳಿಗ್ಗೆ 6. ಅದರಲ್ಲಿ ಹನ್ನೆರಡೂವರೆ ಕಳೆಯಿರಿ: ಸೋಮವಾರ ಸಂಜೆ 5:30. ಪೆಸಿಫಿಕ್‌ನಲ್ಲಿ ದಿನರೇಖೆ ದಾಟುವಾಗ ತಾರೀಖು ಒಂದು ಹಿಂದಕ್ಕೆ ಬಂದಿರುತ್ತದೆ.

ಬರುವಾಗ ಇದು ತಿರುವುಮುರುವು. ಅಲ್ಲಿ ಸೋಮವಾರ ರಾತ್ರಿ 9ಕ್ಕೆ ಹತ್ತಿದರೆ ಇಲ್ಲಿ ಇಳಿಯುವುದು ಬುಧವಾರ ನಸುಕಿನ 3ಕ್ಕೆ. ಮಂಗಳವಾರ ಎಂಬುದು ವಿಮಾನದಲ್ಲೇ ಕಳೆದುಹೋಗುತ್ತದೆ. ಟಿಕೆಟ್ಟಿನಲ್ಲಿ ಸಮಯದ ಪಕ್ಕ +2 ಎಂದು ಸಣ್ಣದಾಗಿ ಬರೆದಿರುವುದು ಇದನ್ನೇ. ಕಾರು ಹೇಳುವವರು ಆ +2 ನೋಡದೆ ಒಂದು ದಿನ ಮೊದಲೇ ಡ್ರೈವರನ್ನು ಕಳಿಸಿಬಿಡುತ್ತಾರೆ. ಮಂಗಳವಾರ ಉಪವಾಸ ಇರುವವರು ಏನು ಮಾಡಬೇಕೆಂದು ನನ್ನನ್ನು ಕೇಳಬೇಡಿ, ನಿಮ್ಮ ಮನೆಯ ಶಾಸ್ತ್ರಿಗಳನ್ನು ಕೇಳಿ.

ಹನ್ನೆರಡೂವರೆಯಾ, ಹದಿಮೂರೂವರೆಯಾ?

ಎರಡೂ. ನಮ್ಮ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಕಟ್ಟಿದ್ದು, ವರ್ಷವಿಡೀ ಅಲುಗಾಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ. ಬಳ್ಳಾರಿಯಲ್ಲಿ ಬೆಳಿಗ್ಗೆ 8 ಎಂದರೆ ಅಲ್ಲಿ ಹಿಂದಿನ ದಿನದ ಸಂಜೆ ಏಳೂವರೆ ಅಥವಾ ಆರೂವರೆ; ಫೋನ್ ಮಾಡಲು ಹೇಳಿಮಾಡಿಸಿದ ಹೊತ್ತು.

ಅಷ್ಟು ಹೊತ್ತು ಕೂತರೆ ಕಾಲು ಊದಿಕೊಳ್ಳೋದಿಲ್ವಾ?

ಊದಿಕೊಳ್ಳುತ್ತವೆ, ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತವೆ ಕೂಡ. ಭಯವಿರುವುದು ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದರ ಬಗ್ಗೆ. ನಾಲ್ಕು ತಾಸಿಗಿಂತ ಉದ್ದದ ಪ್ರಯಾಣದಲ್ಲಿ ಆ ಅಪಾಯ ಹೆಚ್ಚುತ್ತದೆ. ಒಂದೆರಡು ತಾಸಿಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ-ಕೆಳಗೆ ಆಡಿಸಿ, ನೀರು ಕುಡಿಯಿರಿ. ಬಾತ್‌ರೂಮಿಗೆ ಪದೇ ಪದೇ ಏಳಬೇಕಾಗುತ್ತದೆ ಎಂದು ನೀರು ಬಿಡುವ ತಾಯಂದಿರಿಗೆ ನಾನು ನಡೆದಾಡುವ ದಾರಿಯ ಪಕ್ಕದ ಆಯ್ಲ್ ಸೀಟೇ ಕೊಡಿಸುವುದು. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಿಸಬಾರದು.

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗಿನ ಸಾಮಾನಿನಲ್ಲಿಟ್ಟರೆ ಹೆಪ್ಪುಗಟ್ಟಿ ಕೆಡಬಹುದು. ಹಗಲು-ರಾತ್ರಿ ಅದಲುಬದಲಾಗುವುದರಿಂದ ಯಾವ ಡೋಸ್ ಯಾವಾಗ ಎಂಬುದನ್ನು ಡಾಕ್ಟರಿಂದ ಬರೆಸಿಕೊಂಡು ಹೋಗಿ. ನಿದ್ದೆ ದಾರಿಗೆ ಬರಲು ವಾರವೇ ಹಿಡಿಯಬಹುದು. ಅಲ್ಲಿ ಇಳಿದ ದಿನ ಸಂಜೆ ಬೇಗ ಮಲಗದೆ, ಬಿಸಿಲಿನಲ್ಲಿ ಒಂದಿಷ್ಟು ತಿರುಗಾಡಿದರೆ ಅನುಕೂಲ.

ರೊಟ್ಟಿ, ಶೇಂಗಾ ಹೋಳಿಗೆ ಒಯ್ಯಬಹುದಾ?

ಕಟಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಪುಡಿ ಒಯ್ಯಬಹುದು; ಅಲ್ಲಿ ಇಳಿದಾಗ ಆಹಾರ ಇದೆ ಎಂದು ಹೇಳಬೇಕು, ಮುಚ್ಚಿಟ್ಟರೆ ದಂಡ. ಹಣ್ಣು, ತರಕಾರಿ, ಮಾಂಸ ಬೇಡ. ಎಣ್ಣೆಯ ಉಪ್ಪಿನಕಾಯಿ ಕೈಚೀಲದಲ್ಲಿ ನಡೆಯುವುದಿಲ್ಲ, ಅಲ್ಲಿ 100 ಮಿಲಿಲೀಟರಿನ ಮಿತಿಯಿದೆ. ಒಣ ಕೊಬ್ಬರಿಯನ್ನು ಪೆಟ್ಟಿಗೆಯಲ್ಲಿ ಹಾಕಲೇಬೇಡಿ. ಅದರ ಎಣ್ಣೆಯಿಂದ ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತುವ ವಸ್ತುವೆಂದು ವಿಮಾನಗಳಲ್ಲಿ ನಿಷೇಧವಿದೆ.

ನಡುದಾರಿಯಲ್ಲಿ ಎಂಜಿನ್ ಕೆಟ್ಟರೆ?

ಎರಡು ಎಂಜಿನ್ನಿನ ವಿಮಾನ ಒಂದೇ ಎಂಜಿನ್ನಿನಲ್ಲೂ ಹಾರಬಲ್ಲದು. ದಾರಿ ಹಾಕುವಾಗಲೇ, ಯಾವ ಗಳಿಗೆಯಲ್ಲಿ ಕೆಟ್ಟರೂ ಒಂದೇ ಎಂಜಿನ್ನಿನಲ್ಲಿ ಗೊತ್ತುಪಡಿಸಿದ ಹೊತ್ತಿನೊಳಗೆ ಮುಟ್ಟುವಂಥ ನಿಲ್ದಾಣ ಹತ್ತಿರ ಇರಬೇಕೆಂಬ ನಿಯಮವಿದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರಿಗೂ ಏನೂ ಆಗಲಿಲ್ಲ, ಕಂಪನಿ ಇನ್ನೊಂದು ವಿಮಾನ ಕಳಿಸಿ ಅವರನ್ನು ಮುಂದಕ್ಕೆ ಕರೆದೊಯ್ದಿತು. ಒಂದು ಜೊತೆ ಬಟ್ಟೆ, ಎರಡು-ಮೂರು ದಿನದ ಮಾತ್ರೆ ಕೈಚೀಲದಲ್ಲಿ ಇರಲಿ ಎಂದು ನಾನು ಒತ್ತಿ ಹೇಳುವುದು ಇಂಥದ್ದಕ್ಕೇ.

ತೀರ ಉತ್ತರದ ದಾರಿಯಲ್ಲಿ ಇನ್ನೊಂದು ಚಿಂತೆ ಚಳಿ. ಹೊರಗೆ ಮೈನಸ್ 50 ಡಿಗ್ರಿಗೂ ಕೆಳಗೆ ಹೋಗುತ್ತದೆ, ಸಾಮಾನ್ಯ ವಿಮಾನ ಇಂಧನ ಮೈನಸ್ 47ರಲ್ಲಿ ಗಟ್ಟಿಯಾಗತೊಡಗುತ್ತದೆ. ಟ್ಯಾಂಕಿನ ಉಷ್ಣತೆಯನ್ನು ಪೈಲಟ್‌ಗಳು ಸದಾ ನೋಡುತ್ತಿರುತ್ತಾರೆ. ತೀರ ಇಳಿದರೆ ವಿಮಾನವನ್ನು ಕೆಳಗಿಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ.

ವಿಮಾನ ಎಲ್ಲಿದೆ ಅಂತ ಮನೆಯಲ್ಲಿ ಕೂತು ನೋಡಬಹುದಾ?

ಫೋನಿನಲ್ಲಿ ವಿಮಾನದ ನಂಬರ್ ಹಾಕಿದರೆ ಕಾಣುತ್ತದೆ, ಮೊಮ್ಮಕ್ಕಳಿಗೆ ಗೊತ್ತಿರುತ್ತದೆ. ಒಂದು ವಿಷಯ ಮಾತ್ರ ಮನೆಯವರೆಲ್ಲರಿಗೂ ಮೊದಲೇ ಹೇಳಿಡಿ: ಸಮುದ್ರದ ನಡುವೆ, ಧ್ರುವದ ಕಡೆ ವಿಮಾನದ ಸಂಕೇತ ಹಿಡಿಯುವ ನೆಲದ ಮೇಲಿನ ಉಪಕರಣಗಳು ಇರುವುದಿಲ್ಲ. ಅಲ್ಲಿ ತಾಸುಗಟ್ಟಲೆ ಚುಕ್ಕೆ ನಿಂತುಬಿಡಬಹುದು, ಮಾಯವಾಗಬಹುದು, ಇಲ್ಲವೇ ಅಂದಾಜಿನ ಮೇಲೆ ಓಡುತ್ತಿರಬಹುದು. ಆಗ ನಡುರಾತ್ರಿ ನನಗೆ ಫೋನ್ ಮಾಡಬೇಡಿ. ಇಳಿಯುವ ನಿಲ್ದಾಣದ ಪಟ್ಟಿಯಲ್ಲಿ ಆ ನಂಬರಿನ ಮುಂದೆ ಯಾವ ಸಮಯ ಇದೆ ಎಂದು ನೋಡಿ. ಅದು ಬದಲಾಗಿಲ್ಲವೆಂದರೆ ವಿಮಾನ ತನ್ನ ಪಾಡಿಗೆ ಹೋಗುತ್ತಿದೆ.